ಕೊಡೆ ಬಂತು

ರಾಯರು ತೀರಿಕೊಂಡ ಸುದ್ದಿ ಬಂದಾಗ ನಾನು ಅವರೆಕಾಯಿ ಬಿಡಿಸುತ್ತಿದ್ದೆ. ಮಗಳು ಫೋನು ಕಿವಿಗೆ ಇಟ್ಟುಕೊಂಡೇ ನನ್ನ ಕಡೆ ತಿರುಗಿ, ಇಲ್ಲ ಎಂಬಂತೆ ತಲೆ ಆಡಿಸಿದಳು. ಸತ್ತದ್ದಕ್ಕೆ ನನಗೆ ಆಶ್ಚರ್ಯವಾಗಲಿಲ್ಲ. ವಯಸ್ಸಾಗಿತ್ತು, ಕಾಯಿಲೆಯೂ ಇತ್ತು. ಆದರೆ ಅದಕ್ಕೆ ಒಂದು ವರ್ಷ ಮುಂಚೆ, ಹಾಡಹಗಲಲ್ಲಿ, ಎರಡು ವ್ಯಾನು ತುಂಬ ಇದ್ದ ಓದಿದ ಜನ ಆ ಮನುಷ್ಯನನ್ನು ಕೆರೆಯ ದಂಡೆಯ ಮೇಲೆ ಬಿಟ್ಟು ಬಂದರಲ್ಲ, ಅದು ಮಾತ್ರ ಇವತ್ತಿಗೂ ನನಗೆ ಆಶ್ಚರ್ಯ. ಆ ವ್ಯಾನಿನಲ್ಲಿ ನಾನೂ ಇದ್ದೆ. ಓದಿದವಳಲ್ಲ, ಅಷ್ಟೆ.

ನಮ್ಮ ನಡಿಗೆ ಸಂಘದವರು ಅವರ ನೆನಪಿಗೆ ಪುಸ್ತಕ ತರುತ್ತಿದ್ದಾರೆ. ನೀವೂ ಬರೆಯಿರಿ ಎಂದರು. ಹೆಸರು ಹಾಕಬೇಡಿ ಎಂದು ಅವರ ಹೆಂಡತಿ ಕೇಳಿಕೊಂಡಿರುವುದರಿಂದ ನಾನು ರಾಯರು ಎಂದಷ್ಟೇ ಬರೆಯುತ್ತೇನೆ. ಉಳಿದವರೆಲ್ಲ ಅವರು ದೇವರಂಥ ಮನುಷ್ಯ ಎಂದು ಬರೆದಿದ್ದಾರಂತೆ. ನನಗೆ ಹಾಗೇನೂ ಕಾಣಲಿಲ್ಲ. ಸಿಡುಕಿನ ಮನುಷ್ಯ. ಜಂಬವೂ ಇತ್ತು. ಆದರೆ ಜೊತೆಗೆ ನಡೆಯಲು ಒಳ್ಳೆಯವರು.

ನಾನು ಮಂಡ್ಯ ಕಡೆಯವಳು. ಗಂಡ ಹೋದ ಮೇಲೆ ಮಗಳ ಜೊತೆ ಮದ್ರಾಸಿನ ಅಣ್ಣಾ ನಗರಕ್ಕೆ ಬಂದೆ. ಸಕ್ಕರೆ ಕಾಯಿಲೆ ಇದೆ, ದಿನಾ ನಡೆಯಬೇಕು ಎಂದು ಡಾಕ್ಟರು ಹೇಳಿದ್ದೇ ಮಗಳು ನನ್ನನ್ನು ಕನ್ನಡದವರ ಒಂದು ನಡಿಗೆ ಸಂಘಕ್ಕೆ ಸೇರಿಸಿದಳು. ತಿಂಗಳಿಗೊಂದು ಭಾನುವಾರ ನಸುಕಿನಲ್ಲಿ ವ್ಯಾನು ಹತ್ತಿ ಊರ ಹೊರಗೆ ಹೋಗುವುದು. ಹೊಲ, ಕೆರೆ, ಗುಡ್ಡ ಎಂದು ನಡೆಯುವುದು. ಮತ್ತೆ ವ್ಯಾನು ಹತ್ತಿ ಬರುವುದು. ಕೇಳಿದಾಗ ನನಗೆ ನಗು ತಡೆಯಲಿಲ್ಲ. ಗದ್ದೆಯ ಬದುವಿನ ಮೇಲೆ ನಡೆದು ನಡೆದು ಕಾಲು ಸವೆಸಿದವಳು ನಾನು. ಅದರಿಂದ ತಪ್ಪಿಸಿಕೊಂಡು ಪಟ್ಟಣಕ್ಕೆ ಬಂದರೆ ಇಲ್ಲಿಯ ಜನ ಬೂಟು ಹಾಕಿಕೊಂಡು ಗದ್ದೆ ಬದು ಹುಡುಕಿಕೊಂಡು ಹೋಗುತ್ತಾರೆ. ಒಂದು ಊರಿನಲ್ಲಿ ನಾಟಿ ಮಾಡುತ್ತಿದ್ದ ಹೆಂಗಸು ತಲೆಯೆತ್ತಿ, ಇವರೆಲ್ಲ ಏನು ಕಳೆದುಕೊಂಡು ಹುಡುಕುತ್ತಿದ್ದಾರೆ ಎಂದು ನನ್ನನ್ನೇ ಕೇಳಿದಳು. ನನಗೂ ಅದೇ ಅನುಮಾನವಿತ್ತು.

ಸಂಘದಲ್ಲಿ ಎಲ್ಲರಿಗಿಂತ ನಿಧಾನ ನಾನು, ಎಲ್ಲರಿಗಿಂತ ಹಿಂದೆ ರಾಯರು. ಹಾಗಾಗಿ ನಮಗೆ ಜೊತೆಯಾಯಿತು. ಅವರ ಕಾಲಿಗೆ ಏನೂ ಆಗಿರಲಿಲ್ಲ. ಬೇಕೆಂದರೆ ಎಲ್ಲರನ್ನೂ ದಾಟಿ ಹೋಗುವಷ್ಟು ಗಟ್ಟಿ. ಹಿಂದೆ ನಡೆಯುವುದು ಅವರೇ ಹಿಡಿದುಕೊಂಡ ಕೆಲಸ. ಸಪೂರ ಆಳು. ಕೆನ್ನೆಯ ಪಕ್ಕ, ಹಣೆಗೆ ಗೋಪೀಚಂದನದ ಮುದ್ರೆ. ಮೊಣಕಾಲಿನವರೆಗೆ ಮಡಿಸಿದ ಪ್ಯಾಂಟು, ಕ್ಯಾನ್ವಾಸ್ ಬೂಟು. ಕೈಯಲ್ಲಿ ಬೆತ್ತದ ಹಿಡಿಯ ದೊಡ್ಡ ಕಪ್ಪು ಕೊಡೆ. ಮಳೆ ಇರಲಿ ಬಿಡಲಿ, ಬಿಸಿಲು ಇರಲಿ ಬಿಡಲಿ, ಅದು ಬಿಚ್ಚಿಯೇ ಇರಬೇಕು.

ಮೊದಲ ಸಲ ನೋಡಿದಾಗ ನಾನು ಸುಮ್ಮನಿರಲಾರದೆ ಕೇಳಿದೆ.

"ಯಾಕ್ ರಾಯ್ರೇ, ಇನ್ನೂ ಹೊತ್ತೇ ಮೂಡಿಲ್ಲ. ಕೊಡೆ ಯಾರಿಗ್ ಹಿಡ್ದಿದೀರಿ?"

"ಮುಂದೆ ಹೋಗೋರಿಗೆ ಅಮ್ಮಾ," ಅಂದರು.

ಅರ್ಥವಾಗಲಿಲ್ಲ. ಆಮೇಲೆ ಅವರೇ ಬಿಡಿಸಿ ಹೇಳಿದರು. ಅವರು ಗೂಡ್ಸ್ ರೈಲಿನಲ್ಲಿ ಗಾರ್ಡ್ ಆಗಿದ್ದವರು. ಜೀವಮಾನವೆಲ್ಲ ಕೊನೆಯ ಡಬ್ಬಿಯಲ್ಲಿ ಕೂತು ಹೋದವರು.

"ಸ್ಟೇಷನ್ ಮಾಸ್ಟರು ಡಬ್ಬಿ ಎಣಿಸ್ತಾ ನಿಲ್ಲೋದಿಲ್ಲೆ ಅಮ್ಮಾ. ಕೊನೇ ಡಬ್ಬಿ ಹಿಂದುಗಡೆ ಒಂದು ಬೋರ್ಡು ತೂಗು ಹಾಕಿರ್ತೇವೆ. ಬೋರ್ಡು ಬಂತಾ, ರೈಲು ಪೂರಾ ಬಂತು. ಬರಲಿಲ್ಲೆಯಾ, ಅರ್ಧ ರೈಲು ಎಲ್ಲೋ ಕಳಚಿಕೊಂಡು ನಿಂತಿದೆ ಅಂತ ಅರ್ಥ. ನಮ್ಮ ರೈಲಿಗೆ ಈ ಕೊಡೆಯೇ ಬೋರ್ಡು."

ಸಂಘಕ್ಕೆ ಈ ಪದ್ಧತಿ ಹಾಕಿಕೊಟ್ಟವರು ಅವರೇ. ಮುಂದೆ ಮೂರ್ತಿ ನಡೆಯುತ್ತಾನೆ. ಮೈಸೂರಿನವನು, ಬ್ಯಾಂಕಿನವನು, ನನ್ನ ಮಗನ ವಯಸ್ಸು. ಅವನ ಕೊರಳಲ್ಲಿ ಒಂದು ಸೀಟಿ. ಹಿಂದೆ ರಾಯರು, ಅವರ ತಲೆಯ ಮೇಲೆ ಕೊಡೆ. ನಡುವೆ ಉಳಿದವರು. ಹಿಂದೆ ಬೀಳುವವರು ಯಾರೇ ಆಗಲಿ, ಕೊಡೆಗಿಂತ ಮುಂದೆ ಇರಬೇಕು. ವ್ಯಾನಿನ ಹತ್ತಿರ ಕಾಯುವ ಮೂರ್ತಿಗೆ ದೂರದಿಂದ ಕೊಡೆ ಕಂಡರೆ ಸಾಕು, "ಕೊಡೆ ಬಂತು" ಎಂದು ಕೂಗುತ್ತಿದ್ದ, ಸೀಟಿ ಊದುತ್ತಿದ್ದ, ಎಲ್ಲರೂ ವ್ಯಾನು ಹತ್ತುತ್ತಿದ್ದರು. ತಲೆ ಎಣಿಸುವ ತಾಪತ್ರಯವೇ ಇರಲಿಲ್ಲ. ಒಂದು ಸಲವೂ ಅದು ತಪ್ಪಿರಲಿಲ್ಲ. ರಾಯರ ಜಂಬವೆಲ್ಲ ಅದರಲ್ಲೇ. ಸರ್ವೀಸಿನಲ್ಲಿ ಒಂದು ಡಬ್ಬಿಯನ್ನೂ ಬಿಟ್ಟು ಬಂದವನಲ್ಲ ನಾನು ಎಂದು ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಹೇಳುತ್ತಿದ್ದರು.

ನಾನು ಏದುಸಿರು ಬಿಡುತ್ತ ನಿಂತರೆ ಅವರೂ ನಿಲ್ಲುತ್ತಿದ್ದರು. "ಮೆದುವಾ ಬನ್ರೀಮ್ಮಾ. ಅವಸರ ಒಂದೂ ಇಲ್ಲೆ. ನಮ್ಮನ್ನ ಬಿಟ್ಟು ವ್ಯಾನು ಹೋಗೋದಿಲ್ಲೆ."

ಅವರ ಮನೆತನ ಮದ್ರಾಸಿಗೆ ಬಂದು ಎಷ್ಟು ತಲೆಮಾರಾಯಿತೋ ಅವರಿಗೇ ತಿಳಿಯದು. ಮನೆಯಲ್ಲಿ ಇವರು ಕನ್ನಡದಲ್ಲಿ ಕೇಳಿದರೆ ಮೊಮ್ಮಕ್ಕಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದರು. ಇವರ ಕನ್ನಡವೂ ಅಷ್ಟಕ್ಕಷ್ಟೇ, ಅರ್ಧ ತಮಿಳು. ಕೆರೆಗೆ ಏರಿ ಎನ್ನುತ್ತಿದ್ದರು. ನಮ್ಮ ಕಡೆ ಏರಿ ಎಂದರೆ ಕೆರೆಯ ದಂಡೆ. ಏರಿಯಲ್ಲಿ ನೀರು ತುಂಬಿದೆ ನೋಡಿ ಎಂದು ಅವರು, ಏರಿಯಲ್ಲಿ ನೀರು ಹೇಗೆ ತುಂಬೀತು ಎಂದು ನಾನು. ಅದಕ್ಕೇ ಒಂದು ಬೆಳಗ್ಗೆ ಪೂರ್ತಿ ಜಗಳವಾಡಿದ್ದೇವೆ.

ಊರ ಹೊರಗೆ ನಡೆಯುವಾಗ ಹೆಂಗಸರಿಗೆ ಇರುವ ಕಷ್ಟ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ರಾಯರ ಜೊತೆ ಬಾಯಿ ಬಿಡಬೇಕಾಗಿರಲಿಲ್ಲ. ಯಾರಾದರೂ ಹೆಂಗಸು ಪೊದೆಯ ಕಡೆ ನೋಡಿದಳೆಂದರೆ ಸಾಕು, ಅವರು ದಾರಿಗೆ ಅಡ್ಡವಾಗಿ ನಿಂತು, ಬೆನ್ನು ತಿರುಗಿಸಿ, ಕೊಡೆಯನ್ನು ಗೋಡೆಯ ಹಾಗೆ ಇಳಿಸಿ ಹಿಡಿಯುತ್ತಿದ್ದರು. ಬಾಯಲ್ಲಿ ಏನೋ ಸ್ತೋತ್ರ. ಸ್ತೋತ್ರ ಮುಗಿಯುವ ಮೊದಲು ಯಾವ ಗಂಡಸೂ ಆ ಕಡೆ ಸುಳಿಯುವಂತಿರಲಿಲ್ಲ. ಆಮೇಲೆ ಅವರ ಮುಖ ನೋಡಿದರೆ, ಏನೂ ನಡೆದಿಲ್ಲವೇನೋ ಎನ್ನಬೇಕು.

ಒಂದು ಸಲ ಸಂಘದವರು ಹಳ್ಳಿ ಬಿಟ್ಟು ಕಾಸಿಮೇಡಿನ ಬಂದರಿಗೆ ಹೋಗೋಣ, ಬೆಳಗಿನ ಮೀನು ಹರಾಜು ನೋಡೋಣ ಎಂದರು. ರಾಯರು ಬರಲಾರರು ಎಂದುಕೊಂಡೆವು. ಬಂದರು. ಮೂಗಿಗೆ ಉತ್ತರೀಯ ಸುತ್ತಿಕೊಂಡು, ಅದೇ ಕೊಡೆ ಬಿಚ್ಚಿಕೊಂಡು, ಮೀನಿನ ಬುಟ್ಟಿಗಳ ಸಾಲಿನಲ್ಲಿ ಎಲ್ಲರ ಹಿಂದೆ ನಡೆದರು. ಕೊಡೆಯ ಕಡ್ಡಿ ಒಬ್ಬಳು ಮೀನುಗಾರ್ತಿಯ ತಲೆಗೆ ತಗುಲಿತು. ಅವಳು ಬೈದ ಬೈಗುಳಕ್ಕೆ ನಾನೇ ಕಿವಿ ಮುಚ್ಚಿಕೊಂಡೆ. ರಾಯರು ಮೂಗಿನ ಬಟ್ಟೆ ತೆಗೆದು ಅಷ್ಟೇ ಉದ್ದದ ಬೈಗುಳ ಅವಳಿಗಿಂತ ಚೆನ್ನಾದ ತಮಿಳಿನಲ್ಲಿ ತಿರುಗಿ ಕೊಟ್ಟರು. ಅವಳು ನಕ್ಕುಬಿಟ್ಟಳು. ನಾನು ವಂಜರ ಮೀನು ಕೊಂಡೆ. ವ್ಯಾನಿನಲ್ಲಿ ನನ್ನ ಚೀಲಕ್ಕೂ ಅವರಿಗೂ ನಡುವೆ ಕೊಡೆ ಮಡಿಸಿ ನಿಲ್ಲಿಸಿ, ಇದು ಗಡಿ ಎಂದರು. ಅವರು ಕೊಡೆ ಮಡಿಸುತ್ತಿದ್ದದ್ದು ವ್ಯಾನಿನೊಳಗೆ ಮಾತ್ರ.

ಮೀನಿನ ಪಕ್ಕ ಕೂತು ಬಂದ ಮನುಷ್ಯನಿಗೆ ಎಡಗೈ ಮಾತ್ರ ಆಗಿಬರುತ್ತಿರಲಿಲ್ಲ. ಒಮ್ಮೆ ಬಲಗೈಯಲ್ಲಿ ಕೋಲು ಇದ್ದುದರಿಂದ ನಾನು ಎಡಗೈಯಲ್ಲಿ ಬಾಳೆಹಣ್ಣು ಚಾಚಿದೆ. ತೆಗೆದುಕೊಳ್ಳಲಿಲ್ಲ. ನಾನು ಕೋಲನ್ನು ನೆಲಕ್ಕೆ ಹಾಕಿ, ಹಣ್ಣನ್ನು ಬಲಗೈಗೆ ಬದಲಾಯಿಸಿ ಕೊಟ್ಟ ಮೇಲೆ ತೆಗೆದುಕೊಂಡರು. ಆಮೇಲೆ ಬಗ್ಗಿ ನನ್ನ ಕೋಲು ಎತ್ತಿಕೊಟ್ಟರು, ಅದೂ ಬಲಗೈಯಲ್ಲೇ. ಎಡಗೈಯಲ್ಲಿ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಕೊಡೆಯಂತೂ ಯಾವ ಕೈಯಲ್ಲೂ ಯಾರಿಗೂ ಕೊಟ್ಟವರಲ್ಲ.

ಹೀಗಿದ್ದರು. ಇನ್ನು ಆ ದಿನ.

ಬಿಸಿಲು ಆಗ ತಾನೇ ಬಲಿಯುತ್ತಿತ್ತು. ಚೆಂಗಲ್ಪಟ್ಟು ದಾಟಿ ಒಳಗೆ ಒಂದು ದೊಡ್ಡ ಕೆರೆ. ದಂಡೆಯ ಮೇಲೆ ಉದ್ದಕ್ಕೂ ತಾಟಿ ಮರ. ಈ ತುದಿಯಲ್ಲಿ ಇಳಿದು ಆ ತುದಿಯವರೆಗೆ ದಂಡೆಯ ಮೇಲೆ ನಡೆಯುವುದು. ನನ್ನ ಮಂಡಿ ಊದಿಕೊಂಡಿತ್ತು. ನನ್ನನ್ನು ನಡೆಯಲು ಬಿಡದೆ ವ್ಯಾನಿನಲ್ಲೇ ಆ ತುದಿಗೆ ಕಳಿಸಿದರು. ನಾನು ಬೇವಿನ ಮರದ ಕೆಳಗೆ ಡ್ರೈವರುಗಳ ಜೊತೆ ಕೂತಿದ್ದೆ. ನಾನಿಲ್ಲದೆ ಹಿಂದೆ ರಾಯರು ಒಬ್ಬರೇ ಆದರಲ್ಲ ಎಂದು ಆಗ ಹೊಳೆಯಲಿಲ್ಲ.

ಮೊದಲು ಮೂರ್ತಿ ಬಂದ. ಹಿಂದೆ ಒಬ್ಬೊಬ್ಬರಾಗಿ ಬಂದರು. ಬಹಳ ಹೊತ್ತಾದ ಮೇಲೆ ತಾಟಿ ಮರಗಳ ಸಂದಿಯಲ್ಲಿ ಕೊಡೆ ಕಾಣಿಸಿತು. ನಾನು ನೋಡಿದೆ, ಡ್ರೈವರುಗಳು ನೋಡಿದರು, ಎಲ್ಲರೂ ನೋಡಿದರು. ಮೂರ್ತಿ "ಕೊಡೆ ಬಂತು" ಎಂದು ಕೂಗಿ ಸೀಟಿ ಊದಿದ. ಬಿಸಿಲಿಗೆ ಬೆಂದಿದ್ದ ಜನ ನಾ ಮುಂದು ತಾ ಮುಂದು ಎಂದು ಎರಡು ವ್ಯಾನಿಗೂ ನುಗ್ಗಿದರು. ನನ್ನನ್ನು ಇಬ್ಬರು ಕೈ ಹಿಡಿದು ಹತ್ತಿಸಿದರು. ವ್ಯಾನು ಹೊರಟಿತು.

ದೊಡ್ಡ ರಸ್ತೆಗೆ ಬಂದು ಕಾಫಿ ಅಂಗಡಿಯ ಮುಂದೆ ನಿಂತೆವು. ಎಲ್ಲರೂ ಇಳಿಯುತ್ತಿದ್ದಾಗ ಹಿಂದಿನ ಸೀಟಿನಿಂದ ಚೈತ್ರಾ ನನ್ನ ಹತ್ತಿರ ಬಂದಳು. ಹಾಸನದ ಹುಡುಗಿ. ಇಲ್ಲಿಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿ ಆಗ ತಾನೇ ಮದ್ರಾಸಿಗೆ ಬಂದಿದ್ದಳು. ಅವತ್ತೇ ಅವಳ ಮೊದಲ ನಡಿಗೆ. ಅವಳ ಕೈಯಲ್ಲಿ ಮಡಿಸಿದ ಕೊಡೆ ಇತ್ತು.

"ಅಜ್ಜಿ, ರಾಯರ ಕೊಡೆ ನನ್ ಹತ್ರನೇ ಉಳ್ಕೊಂಡ್ಬಿಡ್ತು. ಆ ವ್ಯಾನಲ್ಲಿದಾರಲ್ಲ, ಕೊಟ್ಬಿಡ್ತೀರಾ?"

ನಾನು ತೆಗೆದುಕೊಂಡೆ. ಆ ಬೆತ್ತದ ಹಿಡಿ ನನ್ನ ಕೈಗೆ ಬಂದದ್ದು ಅದೇ ಮೊದಲು. ಕುಂಟುತ್ತ ಇನ್ನೊಂದು ವ್ಯಾನಿನ ಹತ್ತಿರ ಹೋದೆ. ರಾಯರೆಲ್ಲಿ ಎಂದೆ. ಅವರು ನಿಮ್ಮ ವ್ಯಾನಿನಲ್ಲಿ ಬಂದರಲ್ಲ ಎಂದು ಅಲ್ಲಿದ್ದವರು ಹೇಳಿದರು. ಕಾಫಿ ಲೋಟ ಹಿಡಿದಿದ್ದವರು ಹಾಗೇ ನಿಂತರು. ಮೂರ್ತಿ ರಾಯರ ಫೋನಿಗೆ ಕರೆ ಮಾಡಿದ. ನಮ್ಮ ವ್ಯಾನಿನ ಒಳಗೆ, ಸಾಮಾನಿಡುವ ಮೇಲಿನ ಹಲಗೆಯಲ್ಲಿದ್ದ ಅವರ ಕೈಚೀಲದಲ್ಲಿ ಫೋನು ಬಡಿದುಕೊಳ್ಳತೊಡಗಿತು. ಯಾರೂ ಅದನ್ನು ನಿಲ್ಲಿಸಲು ಹೋಗಲಿಲ್ಲ. ಅದು ತಾನಾಗಿ ನಿಲ್ಲುವವರೆಗೆ ಎಲ್ಲರೂ ಕೇಳಿಸಿಕೊಂಡೆವು.

ಮೂರ್ತಿ, ಎಲ್ಲೋ ನಿಂತು ನಮ್ಮನ್ನು ಬೈಯುತ್ತಿರುತ್ತಾರೆ, ತಿರುಗಿ ಹೋಗೋಣ ನಡೆಯಿರಿ ಎಂದ. ಚೈತ್ರಾ ಅಳುವ ಹಾಗಾಗಿದ್ದಳು. ನಾನು ಅವಳ ತೋಳು ಹಿಡಿದು ಕೊಡೆ ಹೇಗೆ ಸಿಕ್ಕಿತು ಎಂದು ಕೇಳಿದೆ. ಚಪ್ಪಲಿ ಕಚ್ಚಿ ಅವಳು ಹಿಂದೆ ಉಳಿದಿದ್ದಳಂತೆ. ತೂಬಿನ ಹತ್ತಿರ ರಾಯರು ಸುಮ್ಮನೆ ನಿಂತಿದ್ದರಂತೆ. ಇವಳನ್ನು ನೋಡಿ ಕೊಡೆ ಚಾಚಿದರಂತೆ. ಬಿಸಿಲಿಗೆ ಹಿಡಿದುಕೋ ಎನ್ನುತ್ತಿದ್ದಾರೆ ಎಂದುಕೊಂಡು ಇವಳು ಥ್ಯಾಂಕ್ಸ್ ಹೇಳಿ ತೆಗೆದುಕೊಂಡಳಂತೆ. ಹಿಂದೆಯೇ ಬರುತ್ತಾರೆ ಎಂದುಕೊಂಡಳಂತೆ.

"ಏನಾದ್ರೂ ಅಂದ್ರಾ?"

"ಏನೋ ಅಂದ್ರು ಅಜ್ಜಿ. ಅವ್ರ ಕನ್ನಡ ನಂಗೆ ಬೆಳಗ್ಗಿಂದ್ಲೂ ಸರಿಯಾಗಿ ತಿಳೀತಿರ್ಲಿಲ್ಲ. ತಮಿಳೇನೋ ಅನ್ಕೊಂಡೆ. ನಗ್ತಿದ್ರು. ಒಂದೇ ಕಡೆ ನಕ್ಕಂಗೆ, ತಮಾಷೆಗೆ ಮಾಡ್ತಾರಲ್ಲ, ಹಂಗೆ."

ನನಗೆ ಏನೋ ತಿಳಿದ ಹಾಗಾಯಿತು, ತಿಳಿಯಬಾರದಿತ್ತು ಎಂದೂ ಅನ್ನಿಸಿತು.

"ಯಾವ್ ಕೈಲಿ ಕೊಟ್ರು ಮಗಾ?"

ಅವಳು ತನ್ನ ಕೈಗಳನ್ನೇ ನೋಡಿಕೊಂಡು ಯೋಚಿಸಿದಳು.

"ಎಡಗೈಲಿ," ಅಂದಳು.

ನನ್ನ ಮಂಡಿಯ ನೋವು ಎಲ್ಲಿ ಹೋಯಿತೋ. ನಾನೇ ವ್ಯಾನು ಹತ್ತಿ ಕೂತು, ತಿರುಗಿಸೋ, ಬೇಗ ತಿರುಗಿಸೋ ಎಂದು ಡ್ರೈವರನಿಗೆ ಕೂಗಿದೆ. ಮೂರ್ತಿ, ಯಾಕೆ ಹೆದರಿಸುತ್ತೀರಿ ಎಂದ. ಆ ಮನುಷ್ಯ ಎಡಗೈಯಲ್ಲಿ ಕೊಟ್ಟಿದ್ದಾನೆಂದರೆ ಬಲಗೈ ಸ್ವಾಧೀನದಲ್ಲಿ ಇಲ್ಲ ಅಂತ ಅರ್ಥ ಎಂದೆ.

ತೂಬಿನ ಪಕ್ಕದ ತಾಟಿ ಮರದ ಬುಡದಲ್ಲಿದ್ದರು. ಆಡು ಮೇಯಿಸುವ ಹೆಂಗಸೊಬ್ಬಳು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಣ ತಾಟಿ ಗರಿಯನ್ನು ಅವರ ಮುಖಕ್ಕೆ ಬಿಸಿಲು ಬೀಳದ ಹಾಗೆ ಹಿಡಿದಿದ್ದಳು. ನಮ್ಮನ್ನು ನೋಡಿದ್ದೇ ಬೈಯಲು ಶುರು ಮಾಡಿದಳು. ಇಷ್ಟು ಜನ ಬಂದಿರಲ್ಲ, ಒಬ್ಬರಿಗಾದರೂ ಕುತ್ತಿಗೆ ಹಿಂದಕ್ಕೆ ತಿರುಗಲಿಲ್ಲವೇ, ನಾಯಿ ಕೂಡ ಹಿಂದಕ್ಕೆ ನೋಡಿಕೊಂಡು ಹೋಗುತ್ತದೆ ಎಂದಳು. ಮೂರ್ತಿಗೆ ತಮಿಳು ಚೆನ್ನಾಗಿ ಬರುತ್ತದೆ. ತಲೆ ತಗ್ಗಿಸಿ ಕೇಳಿಸಿಕೊಂಡ.

ರಾಯರ ಕಣ್ಣು ತೆರೆದಿತ್ತು. ಬಾಯಿಯ ಒಂದು ಕಡೆ ಜೋತುಬಿದ್ದಿತ್ತು. ನಾನು ಹತ್ತಿರ ಹೋದೆ. ಅವರು ನನ್ನ ಮುಖ ನೋಡಲಿಲ್ಲ, ನನ್ನ ಕೈಯಲ್ಲಿದ್ದ ಕೊಡೆ ನೋಡಿದರು. ಎಡಗೈ ಎತ್ತಿ ಆ ಕಡೆ ಈ ಕಡೆ ಬೀಸಿದರು. ಗಾರ್ಡು ಬಾವುಟ ಬೀಸಿದ ಹಾಗಿತ್ತು. ಹೋಗಿ ಎಂದೋ, ನಿಲ್ಲಿ ಎಂದೋ, ನನಗೆ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಮಾತು, ಲಕ್ವ ಹೊಡೆದು ಎಷ್ಟು ಹೊತ್ತಾಯಿತು ಎಂದು. ಯಾರಿಗೂ ಗೊತ್ತಿರಲಿಲ್ಲ. ಆದ ತಕ್ಷಣ ಕರೆತಂದಿದ್ದರೆ ಮಾತು ಉಳಿಯುತ್ತಿತ್ತೇನೋ ಎಂದರು. ಆಡು ಮೇಯಿಸುವವಳು ಅವರನ್ನು ಕಂಡಾಗ ಅವರು ಅದೇ ಜಾಗದಲ್ಲಿ ಮರಕ್ಕೆ ಒರಗಿ ನಿಂತೇ ಇದ್ದರಂತೆ. ನಾವು ಹೋದ ದಿಕ್ಕು ನೋಡುತ್ತಿದ್ದರಂತೆ.

ನಾನು ಇದನ್ನು ಎಷ್ಟು ಸಲ ತಿರುವಿ ಹಾಕಿದರೂ ನನಗೆ ನಂಬಿಕೆ ಬರುವುದಿಲ್ಲ. ಕೊಡೆ ಹೊಸ ಹುಡುಗಿಯ ಕೈಯಲ್ಲಿ ಬಂತು. ಅವಳು ಸೀರೆ ಉಟ್ಟಿರಲಿಲ್ಲ ನಿಜ, ಆದರೆ ಕೆಂಪು ಚೂಡಿದಾರ. ಕಪ್ಪು ಕೊಡೆಯ ಕೆಳಗೆ ಕೆಂಪು ಬಟ್ಟೆ ಎಲ್ಲರ ಕಣ್ಣಿಗೂ ಬಿದ್ದಿರಬೇಕು. ಯಾರೂ ನೋಡಲಿಲ್ಲ. ಕೊಡೆ ಬಂತು, ಅಷ್ಟೆ.

ಅವರ ಮನೆ ಕೀಲ್ಪಾಕಿನಲ್ಲಿ. ನಮ್ಮ ಮನೆಯಿಂದ ಒಂದೇ ಬಸ್ಸು. ನಾನು ಆಗಾಗ ಹೋಗುತ್ತಿದ್ದೆ. ಮಾತು ಮರಳಲಿಲ್ಲ. ಬಲಗೈ ತೊಡೆಯ ಮೇಲೆ ಬೇರೆಯವರದೇನೋ ಎಂಬಂತೆ ಬಿದ್ದಿರುತ್ತಿತ್ತು. ಎಡಗೈ ಚೆನ್ನಾಗಿತ್ತು. ಆದರೆ ಎಡಗೈಯಲ್ಲಿ ತಿನ್ನಲು ಸುತರಾಂ ಒಪ್ಪುತ್ತಿರಲಿಲ್ಲ. "ಚಮಚ ಕೊಟ್ಟರೂ ಬಾಯಿ ಮುಚ್ಚಿಕೋತಾರೆ ಮಾಮಿ, ನಾನೇ ತಿನ್ನಿಸಬೇಕು. ನನಗೆ ಆಗೋದಿಲ್ಲೆ," ಎಂದು ಒಂದು ದಿನ ಅವರ ಹೆಂಡತಿ ಸೋತು ಹೇಳಿದರು. ಆಕೆಯೂ ನನ್ನಷ್ಟೇ ಮುದುಕಿ.

ನಾನು ಚೀಲದಿಂದ ಬಾಳೆಹಣ್ಣು ತೆಗೆದೆ. ಸುಲಿದೆ. ಎಡಗೈಯಲ್ಲಿ ಹಿಡಿದು ಅವರ ಮುಂದೆ ಚಾಚಿದೆ. ನನ್ನ ಬಲಗೈ ಖಾಲಿ ಇತ್ತು, ಅದನ್ನು ಬೇಕೆಂದೇ ಮಡಿಲಲ್ಲಿಟ್ಟುಕೊಂಡಿದ್ದೆ. ಅವರು ನನ್ನ ಆ ಕೈ ನೋಡಿದರು, ಈ ಕೈ ನೋಡಿದರು. ಕಣ್ಣಲ್ಲಿ ಸಿಟ್ಟು ಬಂತು. ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ. ನನ್ನ ತೋಳು ನೋಯಲು ಶುರುವಾಯಿತು.

"ನಂಗೇನ್ ಅವಸರ ಇಲ್ಲ ರಾಯ್ರೇ. ವ್ಯಾನೇನ್ ಹೋಗಾಕಿಲ್ಲ," ಅಂದೆ.

ಸ್ವಲ್ಪ ಹೊತ್ತಿಗೆ ಅವರ ಎಡಗೈ ಮೇಲೆದ್ದಿತು. ಹಣ್ಣು ತೆಗೆದುಕೊಂಡರು. ತಿಂದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಒಳಗೆ ಹೋಗಿಬಿಟ್ಟರು. ರಾಯರು ಒಂದೇ ಕಡೆಯಿಂದ ನಕ್ಕರು. ಆ ನಗುವನ್ನೇ ಚೈತ್ರಾ ಅವತ್ತು ನೋಡಿದ್ದು. ನಾನು ಸರಿಯಾಗಿ ನೋಡಿಟ್ಟುಕೊಂಡೆ.

ಅವರು ಹೋದ ದಿನ ಬಾಗಿಲ ಹಿಂದೆ ಕೊಡೆ ನೇತುಹಾಕಿತ್ತು. ನೀವು ತೆಗೆದುಕೊಂಡು ಹೋಗಿ ಮಾಮಿ ಎಂದು ಅವರ ಹೆಂಡತಿ ಹೇಳಿದರು. ನಾನು ತರಲಿಲ್ಲ. ಅದನ್ನು ಹಿಡಿಯಲು ನನಗೆ ಧೈರ್ಯವಿಲ್ಲ.

ಅವರು ತೀರಿಕೊಂಡ ಮೇಲೆ ಮೊದಲ ನಡಿಗೆ ಕಳೆದ ಭಾನುವಾರ ಆಯಿತು. ಒಂದು ಹೊಳೆಯ ದಂಡೆ. ನನ್ನ ಮಂಡಿ ಈಗ ಪರವಾಗಿಲ್ಲ. ಎಲ್ಲರಿಗಿಂತ ಹಿಂದೆ ನಾನೇ, ನನ್ನ ಹಿಂದೆ ಯಾರೂ ಇಲ್ಲ. ಒಂದೆರಡು ಸಲ ತಿರುಗಿ ನೋಡಿದೆ, ಅಭ್ಯಾಸಕ್ಕೆ. ಮೂರ್ತಿ ಎಲ್ಲರ ಫೋನಿನಲ್ಲೂ ಏನೋ ಹಾಕಿಸಿದ್ದಾನೆ, ಯಾರು ಎಲ್ಲಿದ್ದಾರೆಂದು ಅವನಿಗೆ ಚುಕ್ಕಿ ಕಾಣುತ್ತದಂತೆ. ನಾನು ವ್ಯಾನು ಕಾಣುವಷ್ಟು ಹತ್ತಿರ ಬಂದಾಗ ನನ್ನ ಚುಕ್ಕಿ ಬಂದಿತ್ತಂತೆ. ಆದರೆ ಯಾರೂ ವ್ಯಾನು ಹತ್ತಿರಲಿಲ್ಲ. ಎಲ್ಲರೂ ಬಿಸಿಲಲ್ಲೇ ಸಾಲಾಗಿ ನಿಂತು ನಾನು ಬರುವ ದಾರಿಯನ್ನೇ ನೋಡುತ್ತಿದ್ದರು. ಮೂರ್ತಿ ಸೀಟಿಯನ್ನು ಬಾಯಿಗೆ ಇಟ್ಟಿರಲಿಲ್ಲ.

ಚೈತ್ರಾ ಬಂದು ನನ್ನ ಎದುರು ನಿಂತಳು. ಅವಳು ಕೆರೆಯ ಆ ದಿನದಿಂದ ಎಲ್ಲರಿಗೂ ಹೀಗೆ ಮಾಡುತ್ತಾಳೆ, ಸಣ್ಣವರು ದೊಡ್ಡವರು ಎನ್ನುವುದಿಲ್ಲ.

"ಅಜ್ಜಿ, ನಗಿ."

ಯಾರೋ ನಗು ಎಂದರೆ ನಗುವವಳಲ್ಲ ನಾನು. ಆದರೂ ಹಲ್ಲು ಬಿಟ್ಟೆ. ಅವಳು ನನ್ನ ಬಾಯಿಯ ಈ ತುದಿ ನೋಡಿದಳು, ಆ ತುದಿ ನೋಡಿದಳು. ಕೈ ಎತ್ತಿ ಎಂದಳು. ಎರಡೂ ಎತ್ತಿದೆ. ಅವಳ ಕಣ್ಣು ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು, ಬಂತು.

"ಈಗ ಏನಾದ್ರೂ ಮಾತಾಡಿ."

"ಬಿಸ್ಲಲ್ಲಿ ನಿಲ್ಲಿಸ್ಕಂಡು ಏನ್ ಮಾತಾಡ್ಲಿ? ವ್ಯಾನು ಹತ್ತು," ಅಂದೆ.

ಆಗ ಮೂರ್ತಿ ಸೀಟಿ ಊದಿದ.